ತಪ್ಪು ಅಂದವರು ಲೋಟ ತೊಳೀಬೇಕು

ನಮ್ಮ ಭಾವನವರಿಗೆ, ಅಂದರೆ ನಮ್ಮಕ್ಕನ ಗಂಡನಿಗೆ, ಎಪ್ಪತ್ತೈದು ತುಂಬುತ್ತಂತೆ. ಅದಕ್ಕೊಂದು ಅಭಿನಂದನ ಗ್ರಂಥ ತರ್ತಾರಂತೆ. ಅವರ ಹಳೇ ಶಿಷ್ಯ, ಈಗ ಅದೇ ವಿಭಾಗದ ಮುಖ್ಯಸ್ಥ, ಹೋದ ವಾರ ನಮ್ಮನೆಗೆ ಬಂದು ಸೋಫಾದ ತುದೀಲಿ ಕೂತು, "ಮೇಡಂ, ವಿದ್ವಾಂಸರ ಲೇಖನ ಬೇಕಾದಷ್ಟು ಬಂದಿವೆ. ಮನೆಯವರ ಕಣ್ಣಲ್ಲಿ ಸರ್ ಹೇಗೆ ಅಂತ ನೀವು ಎರಡು ಪುಟ ಬರೆದುಕೊಡಬೇಕು, ಸವಿನೆನಪು ಥರ" ಅಂದ. ಸವಿನೆನಪಂತೆ! ಆಯ್ತಪ್ಪ, ಬರೀತೀನಿ, ಆದ್ರೆ ಎರಡು ಪುಟಕ್ಕೆ ನಿಲ್ಲಲ್ಲ ಅಂದೆ. ಎಷ್ಟಾದ್ರೂ ಬರೀರಿ ಮೇಡಂ ಅಂದ ಪಾಪ. ಅಚ್ಚು ಹಾಕ್ತಾನೋ ಬಿಡ್ತಾನೋ, ಅದು ಅವನ ತಲೆನೋವು.

ಮೊದಲೇ ಹೇಳಿಬಿಡ್ತೀನಿ. ನಾನು ಶಾಲೆಯಲ್ಲಿ ಗಣಿತ ಕಲಿಸಿದವಳು. ಕೆಂಪು ಪೆನ್ನು ಹಿಡಿದೇ ನನ್ನ ಕೂದಲು ಬೆಳ್ಳಗಾಗಿದ್ದು. ಎಂಟೇಳ್ಲಿ ಐವತ್ನಾಲ್ಕು ಅಂತ ಬರೆದ ಹುಡುಗಿಯನ್ನ ಪಕ್ಕ ಕೂರಿಸಿಕೊಂಡು, ಯಾಕಮ್ಮ ನಿಂಗೆ ಹಾಗನ್ನಿಸ್ತು ಅಂತ ವಿಚಾರಿಸೋದು ಒಳ್ಳೇದೇ. ನಾನೂ ವಿಚಾರಿಸಿದ್ದೀನಿ. ಆದರೆ ಮೊದಲು ಅಲ್ಲಿ ಕೆಂಪು ಗೀಟು ಬೀಳಬೇಕು. ನಮ್ಮ ಭಾವನವರು ಬದುಕಿಡೀ ಮಾಡಿದ್ದು ಆ ವಿಚಾರಿಸುವ ಕೆಲಸ ಮಾತ್ರ. ಗೀಟು ಹಾಕುವುದು ಅಂದರೆ ಅವರಿಗೆ ಮೈಲಿಗೆ.

ಅವರು ಮೊದಲು ಓದಿದ್ದು ಭೌತಶಾಸ್ತ್ರ. ಅವರಪ್ಪ ಗಡಿಯಾರ ರಿಪೇರಿ ಮಾಡ್ತಿದ್ದವರು, ಮಗನ ಕೈಯೂ ಹಾಗೇ ಚುರುಕು ಅಂತ ನಂಬಿ ಪ್ರಯೋಗಾಲಯಕ್ಕೆ ಕಳಿಸಿದರು. ಮಗನ ಕೈಯೋ, ಮುಟ್ಟಿದ್ದೆಲ್ಲ ಚೂರು. ತಕ್ಕಡಿ ಒಡೆದರು, ಗಾಜಿನ ನಳಿಗೆ ಒಡೆದರು, ಕೊನೆಗೆ ಅಲ್ಲಿನ ಮೇಲ್ವಿಚಾರಕ, "ಸ್ವಾಮಿ, ನೀವು ಇದರ ಬಗ್ಗೆ ಓದಿ, ಮುಟ್ಟಬೇಡಿ" ಅಂದನಂತೆ. ಅದೇ ಅವರಿಗೆ ದಾರಿಯಾಯ್ತು. ತತ್ತ್ವಶಾಸ್ತ್ರ, ವಿಜ್ಞಾನ ಎರಡರ ಇತಿಹಾಸ ಹಿಡಿದು ಕೂತರು, ಅದರಲ್ಲೇ ಡಾಕ್ಟರೇಟು, ಅದರಲ್ಲೇ ನೌಕರಿ.

ಅವರ ವಿಭಾಗ ಕಾಲೇಜಿನ ಹಿಂದಿನ ಕಟ್ಟಡದಲ್ಲಿ, ಉದ್ದನೆ ಕಾರಿಡಾರಿನ ಕಟ್ಟಕಡೆಗೆ. ಒಂದು ಕಡೆ ರಸಾಯನಶಾಸ್ತ್ರದವರ ಉಗ್ರಾಣ, ಇನ್ನೊಂದು ಕಡೆ ಸೈಕಲ್ ನಿಲ್ಲಿಸೋ ಜಾಗ. ಇದ್ದದ್ದು ಒಂದೇ ದೊಡ್ಡ ಕೋಣೆ. ಅದೂ ಹಿಂದೆ ಪ್ರಯೋಗಾಲಯವೇ ಆಗಿದ್ದದ್ದು. ಗೋಡೆಗೆ ಆಸಿಡ್ಡಿನ ಹಳದಿ ಕಲೆ, ನಡುವೆ ಕೊಯ್ದ ಗುರುತುಗಳಿದ್ದ ಉದ್ದ ಮೇಜು, ಬಾಗಿಲು ಪೂರ್ತಿ ಮುಚ್ಚದ ಕಬ್ಬಿಣದ ಬೀರು, ಮೂಲೆಯಲ್ಲಿ ಕೊಕ್ಕರೆ ಕತ್ತಿನ ನಲ್ಲಿ ಇರುವ ಒಂದು ಕಲ್ಲಿನ ಸಿಂಕು. ಶುಕ್ರವಾರ ಮಧ್ಯಾಹ್ನ ಅಲ್ಲಿ ಚರ್ಚೆ ಸೇರುತ್ತಿತ್ತು. ಚಹಾ ಆ ಕೋಣೆಯಲ್ಲೇ ಕಾಯಿಸುತ್ತಿದ್ದರು.

ಆ ಸಿಂಕಿನಿಂದಲೇ ಒಂದು ನಿಯಮ ಹುಟ್ಟಿತು. ಭಾವನವರು ಮಾಡಿದ್ದೇ. ಸತ್ತುಹೋದ ಯಾವ ತತ್ತ್ವಜ್ಞಾನಿ, ಯಾವ ವಿಜ್ಞಾನಿಯ ಬಗ್ಗೆಯೇ ಆಗಲಿ, ಚರ್ಚೆಯಲ್ಲಿ ಯಾರಾದರೂ "ತಪ್ಪು" ಅಂದರೆ, ಅವತ್ತು ಎಲ್ಲರ ಚಹಾ ಲೋಟವನ್ನೂ ಅವರೇ ತೊಳೀಬೇಕು. ಭೂಮಿ ಚಪ್ಪಟೆ ಅಂದವನಿಗೂ ಅವನದೇ ಕಾರಣಗಳಿದ್ದವು, ಅವನ ಚೌಕಟ್ಟಿನೊಳಗೆ ನಿಂತು ನೋಡಿ, ಇವತ್ತಿನ ಅಳತೆಗೋಲು ಇಟ್ಟುಕೊಂಡು ಸತ್ತವರಿಗೆ ಹೊಡೀಬೇಡಿ ಅಂತ ಅವರ ವಾದ. ಕೇಳೋಕೆ ಚೆನ್ನಾಗಿದೆ, ಅಲ್ವಾ? ನನಗೂ ಚೆನ್ನಾಗೇ ಅನ್ನಿಸಿತ್ತು. ಹುಡುಗರು ಅವರಿಗೆ ಚೌಕಟ್ಟು ಮೇಷ್ಟ್ರು ಅಂತ ಹೆಸರಿಟ್ಟರು. ಅವರಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿ.

ಒಂದು ಸಲ ಅಕ್ಕ ನನ್ನನ್ನೂ ಆ ಶುಕ್ರವಾರದ ಚರ್ಚೆಗೆ ಎಳೆದುಕೊಂಡು ಹೋಗಿದ್ದಳು. ಯಾರೋ ಹಿಂದಿನವನು ಬೆಂಕಿಗೆ ತೂಕ ಇದೆ ಅಂದಿದ್ದನಂತೆ, ಅದರ ಮೇಲೆ ಕೊರೀತಾ ಇದ್ದರು. ನಾನು ಬಾಯಿ ತಪ್ಪಿ, "ಅಯ್ಯೋ, ಶುದ್ಧ ತಪ್ಪಲ್ವಾ ಅದು?" ಅಂದುಬಿಟ್ಟೆ. ಕೋಣೆಗೆ ಕೋಣೆಯೇ ಹೋ ಅಂತ ಚಪ್ಪಾಳೆ ತಟ್ಟಿತು. ಅಷ್ಟೂ ಲೋಟ ತೊಳೆದೆ. ಪಕ್ಕದಲ್ಲಿ ನಿಂತು ಒರೆಸಿಕೊಡ್ತಾ ಅಕ್ಕ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. "ನೋಡೇ, ಮದುವೆ ಆದಾಗಿನಿಂದ ನಾನು ಒಂದು ಸಲಾನೂ ಸಿಕ್ಕಿಬಿದ್ದಿಲ್ಲ" ಅಂತ ಜಂಬ ಬೇರೆ.

ಹೌದು, ಸಿಕ್ಕಿಬಿದ್ದಿರಲಿಲ್ಲ. ಯಾಕಂದರೆ ಅವಳಷ್ಟು ಚೆನ್ನಾಗಿ ಅವರ ಪಾಠ ಕಲಿತವರು ಇನ್ನೊಬ್ಬರಿಲ್ಲ. ಅಕ್ಕ ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ನಮ್ಮಮ್ಮ ಹೋದ ಮೇಲೆ ನನ್ನನ್ನ ಸಾಕೋಕೆ ಅಂತ ಓದು ಬಿಟ್ಟವಳು. ಅಮ್ಮ ಹೋದದ್ದು ಆಪರೇಷನ್ ಮೇಜಿನ ಮೇಲೆ. ಏನೋ ಸಣ್ಣದು, ಸಂಜೆಗೆ ವಾರ್ಡಿಗೆ ತರ್ತೀವಿ ಅಂತ ಒಳಗೆ ಕರಕೊಂಡು ಹೋದವರು, ಸಂಜೆಗೆ ತಳ್ಳುಗಾಡಿಯಲ್ಲಿ ಬಟ್ಟೆ ಮುಚ್ಚಿ ತಂದರು. ಆ ತಳ್ಳುಗಾಡಿಯ ಚಕ್ರದ ಸದ್ದು ಅಕ್ಕನ ಕಿವಿಯಿಂದ ಕೊನೆತನಕ ಹೋಗಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ಮದುವೆಯಾಗಿ ಬಂದ ಮೇಲೆ ಅವಳ ಕಾಲೇಜು ಅಡುಗೆಮನೆಯಲ್ಲೇ ನಡೀತು. ಭಾವ ಏನು ಬರೆದರೂ ಮೊದಲು ಅವಳಿಗೆ ಓದಿ ಹೇಳಬೇಕು. ಅವಳು ತರಕಾರಿ ಹೆಚ್ಚುತ್ತಾ ಕೂತರೆ, ಇವರು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಹಾಳೆ ತಿರುವುತ್ತಾ ಓದೋದು. ಅವಳಿಗೆ ಅರ್ಥವಾಗದಿದ್ದರೆ ಚಾಕು ನಿಲ್ಲುತ್ತಿತ್ತು. ಚಾಕು ನಿಂತರೆ ಇವರು ಅಲ್ಲೊಂದು ಗುರುತು ಹಾಕಿಕೊಂಡು ತಿದ್ದುತ್ತಿದ್ದರು. ಸಾರಿಗೆ ಉಪ್ಪು ಜಾಸ್ತಿ ಆದರೂ ಈ ಮನುಷ್ಯ ಬಾಯಿಬಿಟ್ಟು ಹೇಳ್ತಿರಲಿಲ್ಲ. "ಈ ಸಾರಿನ ಚೌಕಟ್ಟಲ್ಲಿ ಉಪ್ಪಿಗೆ ಒಂದು ವಿಶೇಷ ಸ್ಥಾನ ಇದೆ" ಅನ್ನೋರು. ಅಕ್ಕ ಸೌಟು ತೋರಿಸೋಳು. ಮಕ್ಕಳಾಗಲಿಲ್ಲ, ಆದರೂ ಆ ಮನೆಯಲ್ಲಿ ನಗು ಇತ್ತು. ನಾನೂ ಅವರ ಜೊತೆಗೇ ಇದ್ದವಳು, ಇಲ್ಲ ಅಂತ ಹೇಳಲ್ಲ.

ಭಾವನವರ ಹೆಸರು ಓಡಿದ್ದು ಒಂದೇ ಪುಸ್ತಕದಿಂದ. ಎಲ್ಲರೂ ಮರೆತ ಒಬ್ಬ ಹಳೇ ಕಾಲದ ವೈದ್ಯನ ಮೇಲೆ. ಅವನಿಗೆ ಒಂದು ಕಾಲು ಕುಂಟಂತೆ, ಹಾಗಾಗಿ ನಮ್ಮನೆಯಲ್ಲಿ ಅವನು ಕುಂಟ ವೈದ್ಯ. ಅವನ ಸಿದ್ಧಾಂತ ಏನಪ್ಪಾ ಅಂದರೆ, ಮನುಷ್ಯ ಹುಟ್ಟುವಾಗಲೇ ಇಷ್ಟು ಅಂತ ಶಾಖ ತಗೊಂಡು ಬರ್ತಾನೆ. ದುಃಖ, ಭಯ ಆದಾಗ ಆ ಶಾಖ ಹರಿಯೋದು ನಿಂತು ಒಂದು ಕಡೆ ಮಡುಗಟ್ಟುತ್ತೆ. ಮಡುಗಟ್ಟಿದ ಕಡೆ ಗಂಟು. ಗಂಟನ್ನ ಕೊಯ್ದರೆ ಶಾಖ ಸೋರಿ ಮನುಷ್ಯ ಸಾಯ್ತಾನೆ. ತಣ್ಣನೆ ಮಣ್ಣಿನ ಪಟ್ಟಿ, ಉಪವಾಸ, ಮೌನ, ಇಷ್ಟರಲ್ಲಿ ಶಾಖವನ್ನ ಮೆಲ್ಲಗೆ ಪಾದಕ್ಕೆ ಇಳಿಸಬೇಕು. ಪಾದ ತಣ್ಣಗಾದರೆ ಶಾಖ ಮೈಯಿಂದ ಇಳಿದುಹೋಯ್ತು ಅಂತ ಲೆಕ್ಕ.

ಭಾವ ಅದನ್ನ ಬರೆದ ರೀತಿ ಇದೆಯಲ್ಲ, ಓದಿದವರಿಗೆ ತಮ್ಮ ಮೈಯಲ್ಲೇ ಶಾಖ ಹರಿದಾಡಿದ ಹಾಗಾಗಬೇಕು. ಆ ಪುಸ್ತಕ ಓದಿ ಹೇಳುವಾಗ ಅಕ್ಕನ ಚಾಕು ಒಂದು ಸಲವೂ ನಿಲ್ಲಲಿಲ್ಲವಂತೆ. "ಇದೊಂದು ನಂಗೆ ಪೂರ್ತಿ ಅರ್ಥ ಆಯ್ತು ರೀ" ಅಂದಳಂತೆ. ನಾನು ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದೆ. "ಎಲ್ಲಾ ಸರಿ ಭಾವ, ಅವನ ರೋಗಿಗಳು ಏನಾದ್ರು?"

"ಅದು ನನ್ನ ಪ್ರಶ್ನೆ ಅಲ್ಲ" ಅಂದರು.

ವಿದ್ವಾಂಸರು ಯಾರೂ ಆ ಪುಸ್ತಕವನ್ನ ಮೂಸಿ ನೋಡಲಿಲ್ಲ. ಕಟ್ಟುಗಟ್ಟಲೆ ಪ್ರತಿಗಳು ಮಂಚದ ಕೆಳಗೆ ಬಿದ್ದಿದ್ದವು. ಭಾವ ಹೊರಗೆ ತೋರಿಸ್ಕೊಳ್ಳದಿದ್ದರೂ ಒಳಗೇ ಕುಗ್ಗಿದ್ದರು. ಆಗ ಬಂದ ಆ ಮಹಾನುಭಾವ. ಹಿಂದೆ ವಿಮೆ ಪಾಲಿಸಿ ಮಾರ್ತಿದ್ದವನು. ಸಂತೆಯಲ್ಲಿ ಕೂದಲೆಣ್ಣೆ ಮಾರೋರ ಥರ ಮೆತ್ತನೆ ದನಿ, ಬಿಳೀ ಅಂಗಿ. ಪುಸ್ತಕವನ್ನ ಏಳೆಂಟು ಸಲ ಓದಿದೀನಿ ಗುರುಗಳೇ ಅಂದ, ಅಡ್ಡಬಿದ್ದ. ಆಮೇಲೆ ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿ ಹಿಡಿದು ಚಿಕಿತ್ಸಾಲಯ ತೆರೆದ. ಒಳಗೆ ಹೋದ ಕೂಡಲೇ ಗಾಜಿನ ಪೆಟ್ಟಿಗೆಯಲ್ಲಿ ಭಾವನ ಪುಸ್ತಕ. ನಾನು ಅವನನ್ನ ತಣ್ಣೀರು ಡಾಕ್ಟ್ರು ಅಂತಿದ್ದೆ. ಡಾಕ್ಟ್ರು ಅನ್ನೋದೂ ಅವನಿಗೆ ಅವನೇ ಕೊಟ್ಟುಕೊಂಡದ್ದು.

ಆ ಚಿಕಿತ್ಸಾಲಯದ ರಿಬ್ಬನ್ ಕತ್ತರಿಸಿದವರು ಯಾರು? ನಮ್ಮ ಭಾವ. ಕತ್ತರಿಸಿ ಒಂದು ಗಂಟೆ ಭಾಷಣವನ್ನೂ ಮಾಡಿದರು. ಕೊನೆಗೆ, "ನಾನು ಇತಿಹಾಸಕಾರ. ಈ ಚಿಕಿತ್ಸೆ ಸರಿಯೋ ಅಲ್ಲವೋ ಹೇಳೋದು ನನ್ನ ಕೆಲಸವಲ್ಲ" ಅಂದರು. ಜನಕ್ಕೆ ಕೇಳಿದ್ದು ಆ ಒಂದು ಗಂಟೆ. ಕೊನೇ ಮಾತು ಯಾರ ಕಿವಿಗೂ ಬೀಳಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಸಿಡುಕಿದೆ. "ಭಾವ, ನಿಮಗೇನು ಬುದ್ಧಿ ಇದೆಯಾ? ನಾಳೆ ಯಾರಾದ್ರೂ ಸತ್ತರೆ?" ಅವರು ಕಿಟಕಿಯಾಚೆ ನೋಡ್ತಾ, "ಒಬ್ಬ ಸತ್ತ ಚಿಂತಕ ಮತ್ತೆ ಉಸಿರಾಡೋದನ್ನ ನೋಡೋ ಭಾಗ್ಯ ಎಷ್ಟು ಜನ ಇತಿಹಾಸಕಾರರಿಗೆ ಸಿಗತ್ತೆ ಹೇಳು" ಅಂದರು. ಅಕ್ಕ ಮೊಣಕೈಯಲ್ಲಿ ನನಗೆ ತಿವಿದು, ಸುಮ್ನಿರೇ ಅಂದಳು.

ಇಷ್ಟಾದರೂ ತಮ್ಮ ಮೈಗೆ ಬಂದಾಗ ಮನುಷ್ಯ ಏನು ಮಾಡಿದರು ಗೊತ್ತಾ? ಅದೇ ವರ್ಷ ಅವರಿಗೆ ಕಿಡ್ನಿಯಲ್ಲಿ ಕಲ್ಲು. ಬೆಳಗ್ಗೆ ತಿಂಡಿ ತಿನ್ನೋ ಹೊತ್ತಿಗೆ ಸೊಂಟ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದರು. "ತಣ್ಣೀರು ಡಾಕ್ಟ್ರನ್ನ ಕರೀಲಾ ಭಾವ, ಮಣ್ಣು ಮೆತ್ತಲಿ?" ಅಂತ ನಾನೇ ಕೇಳಿದೆ. "ಆಂಬುಲೆನ್ಸ್! ಆಂಬುಲೆನ್ಸ್ ಕರೀರೇ!" ಅಂತ ಕಿರುಚಿಕೊಂಡರು. ಚೌಕಟ್ಟೂ ಇಲ್ಲ, ಗೀಕಟ್ಟೂ ಇಲ್ಲ. ಆಸ್ಪತ್ರೆಯವರು ಕಲ್ಲು ತೆಗೆದರು, ಇವರು ಮನೆಗೆ ಬಂದು ಮತ್ತೆ ಕುಂಟ ವೈದ್ಯನ ಎರಡನೇ ಸಂಪುಟ ಬರೆಯೋಕೆ ಕೂತರು.

ಅಕ್ಕನಿಗೆ ಗಂಟು ಸಿಕ್ಕಿದ್ದು ಅದಾದ ಮಾರನೇ ವರ್ಷ. ಸ್ನಾನ ಮಾಡುವಾಗ ಕೈಗೆ ಸಿಕ್ಕಿತಂತೆ, ಎಡಗಡೆ ಎದೆಯಲ್ಲಿ, ಬಟಾಣಿ ಕಾಳಿನಷ್ಟು. ನನ್ನ ಕೈ ಹಿಡಿದು ಮುಟ್ಟಿಸಿದಳು. ಅವಳು ಏನಂದರೂ ಕೇಳದೆ ಎಳಕೊಂಡು ಹೋಗಿ ದೊಡ್ಡಾಸ್ಪತ್ರೆಯಲ್ಲಿ ತೋರಿಸಿ, ಪರೀಕ್ಷೆಗಳನ್ನೆಲ್ಲ ಮಾಡಿಸಿದೆ. ಅಲ್ಲಿಯ ಸರ್ಜನ್ ನನ್ನ ವಯಸ್ಸಿನ ಹೆಂಗಸು, ಸುತ್ತಿ ಬಳಸಿ ಮಾತಾಡೋಳಲ್ಲ. "ಕ್ಯಾನ್ಸರ್ ಹೌದು. ಆದ್ರೆ ತುಂಬಾ ಬೇಗ ಬಂದಿದ್ದೀರಿ, ಎಲ್ಲೂ ಹರಡಿಲ್ಲ. ಈಗ ತೆಗೆಸಿದ್ರೆ ನೀವು ಮುದುಕಿಯಾಗೋ ತನಕ ಇರ್ತೀರಿ. ತಡ ಮಾಡಿದ್ರೆ ನಾನೇನೂ ಮಾಡೋಕಾಗಲ್ಲ" ಅಂದಳು. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಯಾರು ಹೇಳಬೇಕು?

ಆಸ್ಪತ್ರೆ ಕಾರಿಡಾರಿನಲ್ಲಿ ಒಂದು ತಳ್ಳುಗಾಡಿ ಎದುರಿಗೆ ಬಂತು, ಅಕ್ಕ ಗೋಡೆಗೆ ಅಂಟಿ ನಿಂತುಬಿಟ್ಟಳು. ಮನೆಗೆ ಬಂದು ಅಡುಗೆಮನೆ ಮೇಜಿನ ಮುಂದೆ ಕೂತು, ಗಂಡನನ್ನ ಕರೆದು ಸ್ಟೂಲಿನ ಮೇಲೆ ಕೂರಿಸಿ, ಎಲ್ಲ ಹೇಳಿದಳು. ಆಮೇಲೆ ಕೇಳಿದಳು. ನಾನು ಒಲೆಯ ಹತ್ತಿರ ನಿಂತಿದ್ದೆ, ಒಂದೊಂದು ಮಾತೂ ನನ್ನ ಕಿವಿಯಲ್ಲಿದೆ.

"ರೀ, ನಂಗೆ ಕೊಯ್ಸಿಕೊಳ್ಳೋಕೆ ಭಯ. ಕುಂಟ ವೈದ್ಯನ ದಾರಿ ಹಿಡೀಲಾ ಅನ್ನಿಸ್ತಿದೆ. ನಿಮಗಿಂತ ಅದು ಗೊತ್ತಿರೋರು ಯಾರೂ ಇಲ್ಲ. ಅದು ಸರೀನಾ, ತಪ್ಪಾ? ಒಂದು ಮಾತು ಹೇಳಿಬಿಡಿ. ತಪ್ಪು ಅಂದ್ರೆ ನಾಳೇನೇ ಆಸ್ಪತ್ರೆಗೆ ಸೇರ್ತೀನಿ."

ಒಂದೇ ಒಂದು ಮಾತು. ಮೂರು ಅಕ್ಷರ ಇಲ್ಲ ಅದರಲ್ಲಿ.

ಭಾವ ಕನ್ನಡಕ ತೆಗೆದರು, ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. "ನೋಡು, ಆಸ್ಪತ್ರೆಯವರು ಹೇಳೋದಕ್ಕೆ ಅವರ ಚೌಕಟ್ಟಿದೆ, ಅದರೊಳಗೆ ಅದು ಸರಿ. ಕುಂಟ ವೈದ್ಯನಿಗೂ ಅವನದೇ ಚೌಕಟ್ಟು. ಅದರೊಳಗೆ ಅವನ ಮಾತು ಎಲ್ಲೂ ತಾಳ ತಪ್ಪಲ್ಲ. ಎರಡರ ಆಚೆಗೆ ನಿಂತು ತೀರ್ಪು ಕೊಡೋಕೆ ನನಗೆ ಜಾಗ ಇಲ್ಲ ಕಣೇ. ನಿನ್ನ ಮೈ, ನಿನ್ನ ನಿರ್ಧಾರ" ಅಂದರು.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋದು ಅಂತಾರಲ್ಲ, ಅದನ್ನ ನಾನು ಕಣ್ಣಾರೆ ಕಂಡದ್ದು ಅವತ್ತು. ಅಕ್ಕನ ಮುಖ ಅರಳಿತು. ಅವಳಿಗೆ ಬೇಕಾಗಿದ್ದು ಒಂದು ಸಂದು. ಇವರು ಬಾಗಿಲನ್ನೇ ತೆಗೆದಿಟ್ಟರು.

ನನ್ನ ಕೈಯಲ್ಲಿದ್ದ ಪಾತ್ರೆ ಕುಕ್ಕಿದೆ. "ಭಾವ! ನಿಮಗೆ ಕಲ್ಲಾದಾಗ ಈ ಚೌಕಟ್ಟು ಎಲ್ಲಿ ಹೋಗಿತ್ತು? ಅವಳಿಗೆ ಒಂದು ಮಾತು ಹೇಳೋಕೆ ನಿಮ್ಮ ನಾಲಿಗೆ ಸೇದಿ ಹೋಗುತ್ತಾ?" ಅಂತ ಕೂಗಿದೆ. "ಅದು ನನ್ನ ಮೈ ಬಗ್ಗೆ ನಾನು ತಗೊಂಡ ನಿರ್ಧಾರ" ಅಂದರು, ಪಾಠ ಹೇಳೋ ದನಿಯಲ್ಲಿ. "ಅವಳ ಪರವಾಗಿ ನಾನು ಹೇಗೆ ತಗೊಳ್ಳಲಿ? ಅದು ಹಿಂಸೆ ಆಗತ್ತೆ."

ಹಿಂಸೆಯಂತೆ! ಅಕ್ಕನ ಕಾಲು ಹಿಡಿದೆ. ಬೈದೆ, ಅತ್ತೆ, ಊಟ ಬಿಟ್ಟೆ. "ನಿಮ್ಮ ಭಾವ ಇಷ್ಟು ವರ್ಷ ಅದನ್ನೇ ಓದಿದ್ದಾರೆ ಕಣೇ, ತಪ್ಪಾಗಿದ್ರೆ ನನ್ನ ವಿಷಯದಲ್ಲಿ ಸುಮ್ನಿರ್ತಿದ್ರಾ?" ಅಂದಳು. ಗಂಡನ ಮೇಲಿನ ನಂಬಿಕೆಯನ್ನ ಆಸ್ಪತ್ರೆಯ ಎಕ್ಸ್‌ರೇ ತೋರಿಸಿ ಒಡೆಯೋಕೆ ಆಗುತ್ತಾ?

ತಣ್ಣೀರು ಡಾಕ್ಟ್ರು ಮನೆಗೇ ಬರೋಕೆ ಶುರು ಮಾಡಿದ. ಗುರುಪತ್ನಿ ಅಲ್ಲವೇ. ಬಿಳೀ ಬಟ್ಟೆಯಲ್ಲಿ ತಣ್ಣನೆ ಮಣ್ಣು ಸುತ್ತಿ ಎದೆಗೆ ಪಟ್ಟಿ ಕಟ್ಟೋದು, ಮಧ್ಯಾಹ್ನ ಒಂದು ಲೋಟ ಗಂಜಿ, ಉಳಿದ ಹೊತ್ತು ಹೊಟ್ಟೆಗೆ ತಣ್ಣೀರು ಬಟ್ಟೆ, ಬಾಯಿಗೆ ಬೀಗ. ನಗ್ತಾ ನಗಿಸ್ತಾ ಇದ್ದ ಹೆಂಗಸು ಮೂಕಿಯ ಹಾಗೆ ಕೂತಳು. ಗಂಟು ಕಾಳಿದ್ದದ್ದು ಗೋಲಿಯಾಯ್ತು. "ಶಾಖ ಒಂದು ಕಡೆ ಸೇರ್ತಿದೆ, ಇಳಿಯೋ ಮುಂಚೆ ಹೀಗೇ" ಅಂದ ಆ ಮುಠ್ಠಾಳ. ಭಾವ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು.

ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿದೆ, ಅದನ್ನೂ ಬರೀತೀನಿ. ದಿನಾ ಸಂಜೆ ಕಾಲೇಜಿಂದ ಬಂದು ಭಾವ ಅವಳ ಪಕ್ಕ ಕುರ್ಚಿ ಎಳಕೊಂಡು ಕೂರೋರು. ನಾನು ಮೊದಲು, ಪರವಾಗಿಲ್ಲ, ಹೆಂಡತಿ ಹತ್ತಿರ ಕೂರ್ತಾರಲ್ಲ ಅಂದುಕೊಂಡೆ. ಒಂದಿನ ಒಳಗೆ ಹೋದೆ. "ಶಾಖ ಈಗ ಭುಜದ ಕಡೆ ಅನ್ನಿಸುತ್ತಾ, ಹೊಟ್ಟೆ ಕಡೆಗಾ? ಹರಿಯೋ ಹಾಗಾ, ತೊಟ್ಟಿಕ್ಕೋ ಹಾಗಾ?" ಅಂತ ಕೇಳ್ತಿದ್ದರು. ಅವಳು ಕಣ್ಣು ಮುಚ್ಚಿ, ಯೋಚನೆ ಮಾಡಿ, ಬೆರಳಲ್ಲಿ ತೋರಿಸೋಳು. ಇವರು ಬರೆದುಕೊಳ್ಳೋರು. ರಟ್ಟೆ ಹಿಡಿದು ಹೊರಗೆ ಎಳಕೊಂಡು ಬಂದು, ಏನ್ರೀ ಇದು ಅಂದೆ.

"ಕುಂಟ ವೈದ್ಯನ ರೋಗಿಗಳಿಗೆ ಒಳಗಿನಿಂದ ಏನನ್ನಿಸ್ತಿತ್ತು ಅಂತ ಯಾರೂ ಬರೆದಿಟ್ಟಿಲ್ಲ" ಅಂದರು. ಅವರ ಕಣ್ಣಲ್ಲಿ ಹೊಳಪಿತ್ತು, ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. "ಆ ಸಿದ್ಧಾಂತವನ್ನ ಪೂರ್ತಿ ನಂಬಿ ಬದುಕ್ತಿರೋ ಒಂದು ಜೀವದ ಮಾತು ಇದು. ಇಂಥ ಅವಕಾಶ ಯಾವ ಇತಿಹಾಸಕಾರನಿಗೂ ಸಿಕ್ಕಿಲ್ಲ. ಅವಳಿಗೂ ಖುಷಿ ಇದೆ, ಕೇಳು ಬೇಕಾದ್ರೆ."

ಖುಷಿ ಇತ್ತು. ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡವಳಿಗೆ ಈಗ ಗಂಡನ ಪುಸ್ತಕದೊಳಗೆ ಜಾಗ ಸಿಕ್ಕಿತ್ತು. ಆ ಚಳಿಗಾಲದಲ್ಲಿ ಭಾವ ಯಾವುದೋ ದೊಡ್ಡ ಸಮ್ಮೇಳನಕ್ಕೆ ಹೋಗಿ "ಒಬ್ಬ ಗೃಹಿಣಿಯ ಅನುಭವ" ಅಂತ ಅದನ್ನೇ ಓದಿದರು. ಯಾವತ್ತೂ ಅವರ ಕಡೆ ತಿರುಗಿ ನೋಡದಿದ್ದ ವಿದ್ವಾಂಸರು ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಪದಕ ಕೊಟ್ಟರು. ಅದನ್ನ ತಂದು ಅಕ್ಕನ ದಿಂಬಿನ ಪಕ್ಕ ಇಟ್ಟರು. ಅವಳಿಗೆ ಅದನ್ನ ಎತ್ತಿ ನೋಡೋಕೆ ಕೈಯಲ್ಲಿ ತ್ರಾಣ ಇರಲಿಲ್ಲ, ನಾನೇ ಎತ್ತಿ ಹಿಡಿದೆ.

ರೋಗ ಬೆನ್ನುಮೂಳೆಗೆ ಇಳಿದು, ಅಕ್ಕ ನೋವು ತಡೆಯೋಕಾಗದೆ ಅರಚೋಕೆ ಶುರು ಮಾಡಿದಾಗ ನಾನು ಯಾರನ್ನೂ ಕೇಳಲಿಲ್ಲ, ಗಾಡಿ ತರಿಸಿ ದೊಡ್ಡಾಸ್ಪತ್ರೆಗೆ ಹಾಕಿಕೊಂಡು ಹೋದೆ. ಅದೇ ಸರ್ಜನ್. ನೋಡಿ, ಬಟ್ಟೆ ಸರಿಮಾಡಿ, ನನ್ನನ್ನ ಆಚೆಗೆ ಕರೆದಳು. "ಇಷ್ಟು ದಿನ ಎಲ್ಲಿ ಸತ್ತಿದ್ರಿ ನೀವೆಲ್ಲ?" ಅಂತ ಬೈದಳು. ಬೈಸಿಕೊಂಡೆ. ನೋವಿಗೆ ಔಷಧಿ ಬರೆದು, ಮನೆಗೆ ಕರಕೊಂಡು ಹೋಗಿ ಅಂದಳು. ಅಲ್ಲಿಂದಾಚೆ ತಣ್ಣೀರು ಡಾಕ್ಟ್ರು ನಮ್ಮ ಬೀದಿಗೇ ತಲೆ ಹಾಕಲಿಲ್ಲ.

ಮನೆಗೆ ಬಂದ ಮೇಲೆ ಔಷಧಿಯ ದಯೆಯಿಂದ ಅಕ್ಕನಿಗೆ ನೋವು ತಗ್ಗಿತು. ಅವಳ ಪಾದ ತಣ್ಣಗಾಗೋಕೆ ಶುರುವಾಯ್ತು. ಅದು ಯಾಕೆ ಅಂತ ನನಗೆ ಗೊತ್ತಿತ್ತು. ಅವಳಿಗೆ ಬೇರೆಯೇ ಗೊತ್ತಿತ್ತು. "ಮುಟ್ಟಿ ನೋಡೇ, ಪಾದ ಎಷ್ಟು ತಣ್ಣಗಿದೆ. ಇಳೀತಾ ಇದೆ ಕಣೇ. ಕುಂಟ ವೈದ್ಯ ಹೇಳಿದ ಹಾಗೇ ಇಳೀತಾ ಇದೆ" ಅಂದಳು. ಎಷ್ಟು ತಿಂಗಳ ಮೇಲೆ ನಗು ಆ ಮುಖದಲ್ಲಿ! ಎದ್ದು ಓಡಾಡೋಕೆ ಆದ ಕೂಡಲೇ ಅಡುಗೆಮನೆಗೆ ಹೊಸ ಪರದೆ ಹಾಕಬೇಕು ಅಂದಳು, ಬಣ್ಣವನ್ನೂ ಹೇಳಿದಳು.

ನಾನು ಬದುಕಿಡೀ ಕೆಂಪು ಗೀಟು ಹಾಕಿದವಳು. ಅವತ್ತು ಹಾಕಲಿಲ್ಲ. ಹೂಂ ಅಕ್ಕ, ಇಳೀತಾ ಇದೆ ಅಂದೆ. ಹಸಿರು ಬಣ್ಣ ಚೆನ್ನಾಗಿರುತ್ತೆ ಅಂದೆ. ಇನ್ನು ಅವಳಿಗೆ ಉಳಿದದ್ದು ಅದೊಂದೇ, ಗುಣವಾಗ್ತೀನಿ ಅನ್ನೋದು. ಅದನ್ನಾದರೂ ಇಟ್ಟುಕೊಂಡು ಹೋಗಲಿ ಅಂತ ನನ್ನ ಆಸೆ. ಭಾವನಿಗೂ ಹೇಳಿದೆ, ಕೈ ಮುಗಿದು ಹೇಳಿದೆ. "ಇಷ್ಟು ದಿನ ಬಾಯಿಮುಚ್ಚಿಕೊಂಡು ಇದ್ರಲ್ಲ, ಇನ್ನೊಂದು ನಾಲ್ಕು ದಿನ ಮುಚ್ಚಿಕೊಂಡಿರಿ."

ಹೂಂ ಅಂತ ತಲೆಯಾಡಿಸಿದರು.

ಮಾರನೇ ದಿನ ಬೆಳಗ್ಗೆ ನಾನು ಅವಳ ತುಟಿ ಒದ್ದೆ ಮಾಡ್ತಾ ಕೂತಿದ್ದೆ. ಒಳಗೆ ಬಂದರು. ಗಡ್ಡ ಬೆಳೆದಿತ್ತು, ನಿದ್ದೆ ಇಲ್ಲದ ಕಣ್ಣು. ಮಂಚದ ಪಕ್ಕ ಮೊಣಕಾಲೂರಿ ಅವಳ ಕೈ ಹಿಡಿದುಕೊಂಡರು. ಅಕ್ಕ ಕಣ್ಣು ಬಿಟ್ಟು, "ರೀ, ಪಾದ ಮುಟ್ಟಿ ನೋಡಿ" ಅಂದಳು.

"ಅದು ತಪ್ಪು ಕಣೇ" ಅಂದರು.

ನಾನು ಭಾವ ಅಂತ ಕಿರುಚಿದೆ. ಅವರಿಗೆ ಕೇಳಿಸಲೇ ಇಲ್ಲ. ಅಳ್ತಾ ಇದ್ದರು, ಆದರೆ ಮಾತು ನಿಲ್ಲಿಸಲಿಲ್ಲ. "ಕುಂಟ ವೈದ್ಯ ಹೇಳಿದ್ದೆಲ್ಲ ತಪ್ಪು. ಶಾಖ ಗೀಖ ಏನೂ ಇಲ್ಲ. ಅವನ ರೋಗಿಗಳು ಒಬ್ಬರೂ ಬದುಕಲಿಲ್ಲ. ನಂಗೆ ಮೊದಲಿಂದ ಗೊತ್ತಿತ್ತು. ನೀನು ಕೇಳಿದ ದಿನಾನೂ ಗೊತ್ತಿತ್ತು. ನಿನ್ನ ಹತ್ತಿರ ಸುಳ್ಳು ಇಟ್ಟುಕೊಂಡು ನಾನು ಹೇಗಿರಲಿ? ನಂಗೆ ತಡೆಯೋಕೆ ಆಗ್ತಿಲ್ಲ ಕಣೇ."

ತಡೆಯೋಕೆ ಆಗ್ತಿಲ್ಲವಂತೆ. ಒಂದು ಮಾತಿನಿಂದ ಹೆಂಡತಿ ಬದುಕುತ್ತಿದ್ದಾಗ ಆ ಮಾತು ತಡೆದರು. ಅದೇ ಮಾತಿನಿಂದ ಏನೂ ಉಳಿಯೋದಿಲ್ಲ ಅಂತ ಆದ ಮೇಲೆ ತಮ್ಮ ಎದೆಯ ಭಾರ ಇಳಿಸಿಕೊಳ್ಳೋಕೆ ಅವಳ ಮೇಲೆ ಸುರಿದರು.

ಅಕ್ಕ ತುಂಬ ಹೊತ್ತು ಅವರನ್ನೇ ನೋಡಿದಳು. ಅವಳ ಮುಖದಲ್ಲಿ ಏನೇನು ಬಂದು ಹೋಯ್ತು ಅಂತ ನಾನು ಬರೆಯಲಾರೆ. ಆಮೇಲೆ ತನ್ನ ಕೈಯನ್ನ ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ತಪ್ಪು ಅಂದ್ರಲ್ಲ" ಅಂದಳು. "ಹೋಗಿ, ಲೋಟ ತೊಳೀರಿ."

ಅವರು ಎದ್ದು ಹೋದರು. ನಿಜವಾಗಿಯೂ ಅಡುಗೆಮನೆಗೆ ಹೋದರು, ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಅಕ್ಕ ಗೋಡೆಯ ಕಡೆ ತಿರುಗಿ ನನಗೆ ಹೇಳಿದಳು, "ಅವರನ್ನ ಇನ್ನು ಒಳಗೆ ಬಿಡಬೇಡ."

ಬಿಡಲಿಲ್ಲ. ಆಮೇಲೂ ಸ್ವಲ್ಪ ದಿನ ಜೀವ ಹಿಡಿದಿದ್ದಳು. ಪರದೆಯ ಮಾತು ಎತ್ತಲಿಲ್ಲ. "ನಾನು ಆಸ್ಪತ್ರೆಗೆ ಹೋಗಿದ್ರೆ ಇರ್ತಿದ್ನೇನೇ?" ಅಂತ ಮಾತ್ರ ಕೇಳೋಳು. ದಿನಾ ಕೇಳೋಳು. ಔಷಧಿಯ ಮಂಪರಲ್ಲೂ ಅದನ್ನೇ. ಇರ್ತಿದ್ದೆ ಅಂತ ಹೇಳಲೋ, ಇಲ್ಲ ಅಂತ ಹೇಳಲೋ? ನಾನು ಅವಳ ತಲೆ ಸವರ್ತಾ ಕೂತಿರ್ತಿದ್ದೆ. ಭಾವ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕೂತಿರ್ತಿದ್ದರು. ಒಂದು ಸಲ ಹೊರಗೆ ಬಂದಾಗ, "ಅವಳು ನನ್ನನ್ನ ಒಳಗೆ ಬಿಡದೇ ಇರೋದು ಸಹಜ. ಅವಳ ಕಡೆಯಿಂದ ನಿಂತು ನೋಡಿದ್ರೆ ಅದಕ್ಕೆ ಅರ್ಥ ಇದೆ" ಅಂದರು. ನಾನು ಕೈ ಎತ್ತಿದೆ. ಹೊಡೆಯಲಿಲ್ಲ. ಹೊಡೀಬೇಕಾಗಿತ್ತು ಅಂತ ಈಗಲೂ ಅನ್ನಿಸುತ್ತೆ. ಅಕ್ಕ ಹೋದಾಗ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.

ಎರಡನೇ ಸಂಪುಟ ಬಂತು. ಅಕ್ಕನಿಗೆ ಅರ್ಪಣೆ ಮಾಡಿದ್ದಾರೆ. ಒಳಗೆ "ಒಬ್ಬ ಗೃಹಿಣಿಯ ಅನುಭವ"ವೂ ಇದೆ. ಅವಳು ಸತ್ತಳು ಅನ್ನೋದು ಮಾತ್ರ ಎಲ್ಲೂ ಇಲ್ಲ. ಅದು ಅವರ ಪ್ರಶ್ನೆ ಅಲ್ಲ, ಅಲ್ವಾ. ತಣ್ಣೀರು ಡಾಕ್ಟ್ರು ಬೇರೆ ಊರಲ್ಲಿ ಮೂರು ಮಹಡಿ ಕಟ್ಟಿದ್ದಾನಂತೆ. ಶುಕ್ರವಾರದ ಚರ್ಚೆ ಈಗಲೂ ನಡೆಯುತ್ತೆ, ಲೋಟ ತೊಳೆಯೋ ನಿಯಮವನ್ನ ಹುಡುಗರು ಜೋಪಾನವಾಗಿ ಉಳಿಸಿಕೊಂಡಿದ್ದಾರೆ ಅಂತ ಆ ಮುಖ್ಯಸ್ಥ ನನ್ನ ಮುಂದೆ ಹೆಮ್ಮೆಯಿಂದ ಹೇಳಿದ.

ಬರೆಯೋಕೆ ಮುಂಚೆ ಒಂದು ಸಲ ನೋಡಿ ಬರೋಣ ಅಂತ ನಿನ್ನೆ ಭಾವನ ಮನೆಗೆ ಹೋದೆ. ಬಹಳ ವರ್ಷದ ಮೇಲೆ. ಅದೇ ಅಡುಗೆಮನೆ, ಅದೇ ಸ್ಟೂಲು, ಕಿಟಕಿಗೆ ಹಳೇ ಪರದೆ. ಅವರೇ ಚಹಾ ಮಾಡಿದರು, ಅರ್ಧ ಚೆಲ್ಲಿ ತಂದುಕೊಟ್ಟರು. ಗ್ರಂಥದ ಮಾತು ತೆಗೆದೆ. "ನೀನು ನನ್ನನ್ನ ಅರ್ಥ ಮಾಡಿಕೊಂಡಿದ್ದೀಯಾ?" ಅಂತ ಕೇಳಿದರು. ಮಗುವಿನ ಹಾಗೆ ಕೇಳಿದರು.

ನಾನು ಕೂತು ನಿಧಾನವಾಗಿ ಹೇಳಿದೆ. "ಪೂರ್ತಿ ಅರ್ಥ ಮಾಡಿಕೊಂಡಿದ್ದೀನಿ ಭಾವ. ಒಬ್ಬರೂ ಓದದ ಪುಸ್ತಕವನ್ನ ಒಬ್ಬ ಓದಿದ, ಅವನ ಮೇಲೆ ನಿಮಗೆ ಯಾಕೆ ಪ್ರೀತಿ ಬಂತು ಅಂತ ಗೊತ್ತು. ಅಕ್ಕ ಕೇಳಿದಾಗ ತಪ್ಪು ಅಂದಿದ್ರೆ ನಿಮ್ಮ ಬದುಕಿನ ಕೆಲಸವೆಲ್ಲ ನೀವೇ ಕೆಡವಿದ ಹಾಗಾಗ್ತಿತ್ತು, ಅದೂ ಗೊತ್ತು. ಕೊನೆಗೆ ಯಾಕೆ ಹೇಳಿದ್ರಿ ಅಂತಾನೂ ಗೊತ್ತು. ನಿಮ್ಮ ಚೌಕಟ್ಟಿನೊಳಗೆ ನಿಂತೇ ನೋಡಿದ್ದೀನಿ. ಲೆಕ್ಕ ಎಲ್ಲಾ ಕೂಡತ್ತೆ."

ಅವರ ಕಣ್ಣು ತುಂಬಿತು. ನನ್ನ ಕೈ ಹಿಡಿಯೋಕೆ ಬಂದರು.

"ಆದ್ರೆ ತಪ್ಪು" ಅಂದೆ. "ನೀವು ಮಾಡಿದ್ದು ತಪ್ಪು ಭಾವ. ಮೊದಲಿಂದ ಕೊನೇ ತನಕ ಅಷ್ಟೂ ತಪ್ಪು."

ಎದ್ದು, ಅವರ ಲೋಟ ನನ್ನ ಲೋಟ ಎರಡನ್ನೂ ತಗೊಂಡು ಸಿಂಕಿನ ಹತ್ತಿರ ಹೋದೆ. ಹಿಂದಿನಿಂದ ಅವರ ದನಿ ಕೇಳಿಸಿತು, ಸಣ್ಣಗೆ. "ಆ ನಿಯಮ ಸತ್ತವರಿಗೆ ಮಾತ್ರ ಕಣಮ್ಮ."

"ಗೊತ್ತು ಭಾವ" ಅಂದೆ. ಎರಡೂ ಲೋಟ ತೊಳೆದು, ಬೋರಲು ಹಾಕಿ, ಮನೆಗೆ ಬಂದು ಇದನ್ನ ಬರೆಯೋಕೆ ಕೂತೆ.